ಹನ್ನೆರಡು ಎಲೆ, ಒಂದೇ ಪಂಕ್ತಿ

ಬೆಂಗಳೂರಿನಲ್ಲಿ ಹನ್ನೆರಡು ಜನರನ್ನು ಊಟಕ್ಕೆ ಕರೆದರೆ ಅವರ ಜೊತೆಗೆ ಹತ್ತಾರು ನೇಮ, ಪಥ್ಯ, ನಂಬಿಕೆಗಳೂ ಒಳಗೆ ಬರುತ್ತವೆ. ಆಫೀಸಿನ ಗೆಳೆಯರು ಜೈನರು, ನೆಲದೊಳಗೆ ಬೆಳೆದದ್ದನ್ನು ತಿನ್ನುವುದಿಲ್ಲ. ಸೋದರತ್ತೆ ಈರುಳ್ಳಿ ಬೆಳ್ಳುಳ್ಳಿ ಬಿಟ್ಟವರು. ಅವು ಬಿದ್ದ ಅಡುಗೆಯ ಸೌಟು ತಮ್ಮ ಅಡುಗೆಗೆ ತಾಗಿತೆಂದು ಗೊತ್ತಾದರೆ ಏನೂ ಹೇಳದೆ ಮಜ್ಜಿಗೆ ಅನ್ನ ಉಂಡು ಏಳುತ್ತಾರೆ. ತಂಗಿಯ ಮಗಳು ವೀಗನ್. ಹಾಲು, ಮೊಸರು, ತುಪ್ಪ, ಜೇನು ಯಾವುದೂ ಆಗದು. ಒಬ್ಬರಿಗೆ ಗೋಧಿ ಒಗ್ಗುವುದಿಲ್ಲ. ಒಂದು ಮಗುವಿಗೆ ಗೋಡಂಬಿ ತಿಂದರೆ ಮೈಮೇಲೆ ದದ್ದು ಏಳುತ್ತದೆ. ಮಾವನವರಿಗೆ ಸಕ್ಕರೆ ಕಾಯಿಲೆ. ಇವರ ನಡುವೆ ಮಂಗಳೂರಿನ ಗೆಳೆಯ, ‘ಕೋಳಿ ಉಂಟಲ್ಲ?’ ಎಂದು ಫೋನಿನಲ್ಲೇ ಕೇಳಿಕೊಂಡು ಬರುವವನು; ಅವನ ಜೊತೆಗೆ ಹಲಾಲ್ ಅಲ್ಲದ ಮಾಂಸ ಮುಟ್ಟದ ಇನ್ನೊಬ್ಬ.

ಇಂಥ ಸಂಜೆಗೆ ಸಾಮಾನ್ಯವಾಗಿ ನಡೆಯುವ ಏರ್ಪಾಡು ನಮಗೆಲ್ಲ ಗೊತ್ತು. ಹೆಚ್ಚಿನವರಿಗೆ ಬಿರಿಯಾನಿ, ವೆಜ್ ಎಂದವರಿಗೆ ಪನೀರು, ಉಳಿದವರಿಗೆ ಏನಾದರೊಂದು. ಪನೀರು ವೀಗನ್ ಹುಡುಗಿಗೆ ಆಗದು, ಅದರ ಈರುಳ್ಳಿ ಗ್ರೇವಿ ಅತ್ತೆಗೆ ಆಗದು, ಅದಕ್ಕೆ ಜೊತೆಯಾಗಿ ಬಂದ ನಾನ್ ಗೋಧಿ ಒಗ್ಗದವರಿಗೆ ಆಗದು. ಕೊನೆಗೆ ಮೂವರ ಮುಂದೆ ಸೌತೆಕಾಯಿ ಹೋಳು ಮತ್ತು ಬಿಳಿ ಅನ್ನ. ‘ಪರವಾಗಿಲ್ಲ, ನಂಗೆ ಇಷ್ಟೇ ಸಾಕು’ ಎಂದು ಅವರು ನಗುತ್ತಾರೆ. ಅತಿಥಿಯ ಬಾಯಲ್ಲಿ ಆ ಮಾತು ಬಂತೆಂದರೆ ಮನೆಯವರ ಅಡುಗೆ ಎಷ್ಟೇ ರುಚಿಯಾಗಿದ್ದರೂ ನನ್ನ ಮನಸ್ಸಿಗೆ ಸಮಾಧಾನವಾಗುವುದಿಲ್ಲ. ಪಂಕ್ತಿಭೇದ ಜಾತಿಯ ಹೆಸರಿನಲ್ಲಿ ನಮ್ಮ ನಾಡಿನಲ್ಲಿ ಎಷ್ಟು ಜನರನ್ನು ನೋಯಿಸಿದೆ ಎಂಬುದು ಯಾರಿಗೂ ಹೇಳಿಕೊಡಬೇಕಾದ್ದಲ್ಲ. ಅದೇ ಭೇದ ಈಗ ಪಥ್ಯದ ಹೆಸರು ಹೇಳಿಕೊಂಡು ನಮ್ಮ ಊಟದ ಮೇಜಿಗೆ ಬರಬಾರದು.

ಇದಕ್ಕೆ ನನಗೆ ಕಂಡ ಒಳ್ಳೆಯ ದಾರಿ, ಅಡುಗೆಯ ಯೋಚನೆಯನ್ನು ಎಲೆಯ ನಡುವಿನಿಂದ ಶುರು ಮಾಡುವುದು. ಎಲ್ಲರೂ ತಿನ್ನಬಹುದಾದ ಒಂದು ತಿನಿಸು ನಡುವೆ ಇರಲಿ. ಅದೇ ಊಟದ ಮುಖ್ಯ ಐಟಂ ಆಗಿರಲಿ, ಎಲ್ಲರ ಕಣ್ಣೂ ಮೊದಲು ಅದರ ಮೇಲೆಯೇ ಬೀಳಲಿ. ಅದರ ಸುತ್ತ ಪಾತ್ರೆಗಳು ಬೇರೆಬೇರೆ ಆಗಲಿ, ಚಿಂತೆಯಿಲ್ಲ. ಹನ್ನೆರಡು ಜನ ಒಂದೇ ತಿನಿಸನ್ನು ಕೈಯಲ್ಲಿ ಮುರಿಯುತ್ತಿದ್ದರೆ ಯಾರು ಏನು ಬಿಟ್ಟರು ಎಂಬುದನ್ನು ಯಾರೂ ಗಮನಿಸುವುದಿಲ್ಲ.

ಹಾಗೆ ನಡುವೆ ನಿಲ್ಲಬಲ್ಲ ತಿನಿಸುಗಳಿಗೆ ನಮ್ಮಲ್ಲಿ ಬರವಿಲ್ಲ. ಕೊಡಗಿನ ಕಡಂಬುಟ್ಟು ಮತ್ತು ನೂಪುಟ್ಟು, ಕರಾವಳಿಯ ಪುಂಡಿ, ನೀರುದೋಸೆ, ಒತ್ತು ಶ್ಯಾವಿಗೆ, ಬಯಲುಸೀಮೆಯ ಮುದ್ದೆ, ಉತ್ತರದ ಜೋಳದ ರೊಟ್ಟಿ. ಇವುಗಳಲ್ಲಿ ಒಂದರಲ್ಲೂ ಗೋಧಿಯಿಲ್ಲ, ಹಾಲಿಲ್ಲ, ಈರುಳ್ಳಿಯಿಲ್ಲ. ಬಡವರ ಮನೆಯಲ್ಲೂ ಸಿರಿವಂತರ ಮನೆಯಲ್ಲೂ ಒಂದೇ ರೀತಿ ಬೇಯುವ ಈ ತಿನಿಸುಗಳು ಇವತ್ತಿನ ಮಿಶ್ರ ಪಂಕ್ತಿಗೆಂದೇ ಹುಟ್ಟಿದವೇನೋ ಅನ್ನಿಸುತ್ತದೆ.

ನೀರುದೋಸೆ ಎಂದರೆ ನನಗೆ ಪ್ರಾಣ. ನೆನೆದ ಬೆಳ್ತಿಗೆ ಅಕ್ಕಿಯನ್ನು ನುಣ್ಣಗೆ ಅರೆದು, ಮಜ್ಜಿಗೆಯಷ್ಟು ತೆಳ್ಳಗೆ ಮಾಡಿ, ಕಾದ ಕಾವಲಿಗೆ ಚುಂಯ್ ಎಂದು ಸುರಿದಾಗ ಹುಟ್ಟುವ ಆ ಜಾಲರಿಯನ್ನು ಮೀರಿಸುವ ದೋಸೆ ಇನ್ನೊಂದಿಲ್ಲ. ಹುಳಿ ಬರಿಸುವ ಕೆಲಸವೂ ಇಲ್ಲ. ಆದರೂ ಹನ್ನೆರಡು ಜನರ ಊಟಕ್ಕೆ ಅದು ಬೇಡ. ಒಂದೊಂದಾಗಿ ಹೊಯ್ಯಬೇಕು, ಹೊಯ್ಯುವ ಮೊದಲು ತಳಕ್ಕಿಳಿದ ಹಿಟ್ಟನ್ನು ಪ್ರತಿ ಸಲವೂ ಕಲಕಬೇಕು, ಬಿಸಿಯಿರುವಾಗ ಒಂದರ ಮೇಲೊಂದು ಹಾಕಿದರೆ ಅಂಟಿಕೊಳ್ಳುತ್ತದೆ. ಕರೆದವರು ಇಡೀ ಸಂಜೆ ಒಲೆಯ ಮುಂದೆ ಬೆವರುತ್ತ ನಿಂತು, ಬಂದವರು ಹಜಾರದಲ್ಲಿ ತಮ್ಮ ತಮ್ಮಲ್ಲೇ ಮಾತಾಡಿಕೊಂಡು ಹೋದರೆ ಕರೆದದ್ದಾದರೂ ಏಕೆ? ಮನೆಯವರೂ ಪಂಕ್ತಿಯಲ್ಲಿ ಕೂರುವಂತಿರಬೇಕು. ಸುಲಭ ಅಡುಗೆ ಎಂದರೆ ನನ್ನ ಪ್ರಕಾರ ಇಷ್ಟೇ.

ಪುಂಡಿ ಆ ದೃಷ್ಟಿಯಿಂದ ದೊಡ್ಡ ಉಪಕಾರಿ. ಅಕ್ಕಿಯನ್ನು ನೆನೆಸಿ ತರಿತರಿಯಾಗಿ ಅರೆಯುವುದು ತುಳುನಾಡಿನ ಕ್ರಮ. ಅಂಗಡಿಯ ಅಕ್ಕಿ ತರಿಯಲ್ಲೂ ಚೆನ್ನಾಗಿಯೇ ಬರುತ್ತದೆ. ದಪ್ಪ ತಳದ ಬಾಣಲೆಯಲ್ಲಿ ಎರಡು ಚಮಚ ತೆಂಗಿನೆಣ್ಣೆ ಕಾಯಿಸಿ ಸಾಸಿವೆ, ಉದ್ದಿನಬೇಳೆ, ಕರಿಬೇವು ಸಿಡಿಸಬೇಕು. ಒಂದು ಲೋಟ ತರಿಗೆ ಎರಡು ಲೋಟದ ಅಂದಾಜಿನಲ್ಲಿ ನೀರು ಹೊಯ್ದು, ಉಪ್ಪು ಹಾಕಿ, ಒಂದು ಹಿಡಿ ತೆಂಗಿನತುರಿ ಸೇರಿಸಬೇಕು. ನೀರು ಕೊತ ಕೊತ ಕುದಿಯುವಾಗ ತರಿಯನ್ನು ಸಣ್ಣ ಧಾರೆಯಾಗಿ ಬಿಡುತ್ತ ಕೈಯಾಡಿಸಿದರೆ ನೋಡುತ್ತಿದ್ದ ಹಾಗೆಯೇ ನೀರೆಲ್ಲ ಹೀರಿ ಮುದ್ದೆಯಾಗುತ್ತದೆ. ಉರಿ ಆರಿಸಿ, ಮುಚ್ಚಿಟ್ಟು, ಕೈಗೆ ತಡೆಯುವಷ್ಟು ಬಿಸಿ ಇಳಿದ ಮೇಲೆ ಉಂಡೆ ಕಟ್ಟುವುದು.

ಉಂಡೆ ಕಟ್ಟುವ ಗಳಿಗೆಯನ್ನು ಹತ್ತಿರ ನಿಂತು ನೋಡಬೇಕು. ಕೈಯನ್ನು ತಣ್ಣೀರಿನಲ್ಲಿ ಅದ್ದಿ, ನಿಂಬೆಗಿಂತ ಸ್ವಲ್ಪ ದೊಡ್ಡ ತುಂಡನ್ನು ತೆಗೆದು, ಎರಡು ಅಂಗೈಗಳ ನಡುವೆ ಒಂದೆರಡು ಸಲ ಉರುಳಿಸಿದರೆ ಮೇಲ್ಮೈ ಹೊಳೆಯತೊಡಗುತ್ತದೆ. ಅಲ್ಲಲ್ಲಿ ಒಂದು ಸಾಸಿವೆ ಕಾಳು, ಕರಿಬೇವಿನ ಒಂದು ಚೂರು ಇಣುಕುತ್ತವೆ. ಆಮೇಲೆ ಹೆಬ್ಬೆರಳಿನಿಂದ ನಡುವೆ ಮೆಲ್ಲಗೆ ಒತ್ತಿದರೆ ಒಂದು ಗುಳಿ. ಆ ಗುಳಿಯಿಂದಾಗಿ ಹಬೆ ಒಳಗಿನವರೆಗೂ ಮುಟ್ಟಿ ಪುಂಡಿ ನಡುವೆಯೂ ಬೇಯುತ್ತದೆ. ಎಲೆಗೆ ಬಂದ ಮೇಲೆ ಗಸಿಗೆ, ಅಂದರೆ ಕಾಯಿ ಮಸಾಲೆಯ ಗಟ್ಟಿ ಸಾರಿಗೆ, ಅದೇ ಬಟ್ಟಲು. ಒಬ್ಬೊಬ್ಬರ ಬೆರಳಿನ ಗುರುತು ಒಂದೊಂದು ತರ, ಆದ್ದರಿಂದ ಮಕ್ಕಳನ್ನೂ ಈ ಕೆಲಸಕ್ಕೆ ಕೂರಿಸಿಕೊಳ್ಳಿ. ತಲೆಗೆ ನಾಲ್ಕರಂತೆ ಹಿಡಿದರೂ ಐವತ್ತರ ಹತ್ತಿರ ಬೇಕು. ಸಂಜೆಗೆ ಮೊದಲೇ ಕಟ್ಟಿ, ಒದ್ದೆ ಬಟ್ಟೆ ಹೊದಿಸಿಟ್ಟು, ಅತಿಥಿಗಳು ಚಪ್ಪಲಿ ಬಿಡುವ ಹೊತ್ತಿಗೆ ಇಡ್ಲಿ ಪಾತ್ರೆಗೆ ತುಂಬಿದರೆ ಇಪ್ಪತ್ತು ನಿಮಿಷ. ಅಷ್ಟರಲ್ಲಿ ನೀವು ಮುಖ ತೊಳೆದು ಸೀರೆಯನ್ನೋ ಅಂಗಿಯನ್ನೋ ಬದಲಿಸಿಕೊಂಡು ಬರಬಹುದು.

ಇನ್ನು ಗಸಿ. ಈ ಊಟದ ಪ್ರತಿಷ್ಠೆಯೆಲ್ಲ ಇದರಲ್ಲಿದೆ, ಆದ್ದರಿಂದ ಅವಸರ ಮಾಡುವುದಿಲ್ಲ.

ಮಾಂಸ ತಿನ್ನುವವರಿಗೆ ಒಂದು ಅಡುಗೆ, ತಿನ್ನದವರಿಗೆ ಅದಕ್ಕೆ ಸಂಬಂಧವೇ ಇಲ್ಲದ ಇನ್ನೊಂದು ಅಡುಗೆ ಮಾಡಲು ಹೋದರೆ ಎರಡು ಮನೆಯ ಕೆಲಸ ಒಂದೇ ದಿನ ತಲೆಯ ಮೇಲೆ ಬೀಳುತ್ತದೆ. ಕರಾವಳಿಯ ಅಡುಗೆಮನೆ ಇದನ್ನು ಚೆಂದವಾಗಿ ಬಿಡಿಸಿಕೊಂಡಿದೆ. ಕೋರಿ ಗಸಿ ಎಂದರೆ ಕೋಳಿಯ ಗಸಿ. ಅದೇ ಓಣಿಯ ಇನ್ನೊಂದು ಮನೆಯಲ್ಲಿ ಅದೇ ಬ್ಯಾಡಗಿ ಮೆಣಸು, ಅದೇ ಕೊತ್ತಂಬರಿ, ಅದೇ ತೆಂಗಿನಕಾಯಿಗೆ ಕಡಲೆ ಬೀಳುತ್ತದೆ, ತೊಂಡೆಕಾಯಿ ಬೀಳುತ್ತದೆ, ಗುಜ್ಜೆ ಬೀಳುತ್ತದೆ. ಮಸಾಲೆ ಒಂದು, ಪಾತ್ರೆ ಎರಡು. ಈರುಳ್ಳಿ ಬೆಳ್ಳುಳ್ಳಿ ಎಲ್ಲಿ ಒಳಗೆ ಬರುತ್ತದೆ ಎಂಬುದನ್ನು ಮಾತ್ರ ನಾವು ಗಟ್ಟಿಯಾಗಿ ಕಾಯಬೇಕು.

ಎರಡೂ ಪಾತ್ರೆಗೆ ಸೇರಿ ಬ್ಯಾಡಗಿ ಮೆಣಸಿನಕಾಯಿ ಇಪ್ಪತ್ತೈದು ಇರಲಿ. ಹಾವೇರಿ ಜಿಲ್ಲೆಯ ಬ್ಯಾಡಗಿಯ ಹೆಸರು ಹೊತ್ತ ಈ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ. ಸುಕ್ಕು ಸುಕ್ಕಾದ ಸಿಪ್ಪೆ, ಕಡುಗೆಂಪು ಬಣ್ಣ, ಖಾರ ಕಡಿಮೆ. ಬೆರೆತ ಪಂಕ್ತಿಗೆ ಇದಕ್ಕಿಂತ ಹಿತವಾದ ಮೆಣಸಿಲ್ಲ: ಕಣ್ಣಿಗೆ ಕೆಂಡದ ಹಾಗೆ ಕಂಡರೂ ಮಕ್ಕಳ ಬಾಯಿ ಸುಡುವುದಿಲ್ಲ. ಇದಕ್ಕೆ ನಾಲ್ಕು ದೊಡ್ಡ ಚಮಚ ಕೊತ್ತಂಬರಿ ಬೀಜ, ಎರಡು ಸಣ್ಣ ಚಮಚ ಜೀರಿಗೆ, ಅಷ್ಟೇ ಕಾಳುಮೆಣಸು, ಅರ್ಧ ಚಮಚ ಮೆಂತ್ಯ. ಒಂದೊಂದನ್ನೂ ಬೇರೆಬೇರೆಯಾಗಿ, ತೆಂಗಿನೆಣ್ಣೆ ಸೋಕಿಸಿ, ಸಣ್ಣ ಉರಿಯಲ್ಲಿ ಹುರಿಯಬೇಕು. ಕೊತ್ತಂಬರಿ ಘಮ್ ಎನ್ನುವುದು ಒಂದು ಹೊತ್ತಿಗೆ, ಮೆಂತ್ಯ ಕೆಂಪಾಗುವುದು ಇನ್ನೊಂದು ಹೊತ್ತಿಗೆ. ಒಟ್ಟಿಗೆ ಸುರಿದರೆ ಒಂದು ಹಸಿ, ಒಂದು ಕರಿಕು. ಮೆಂತ್ಯ ಒಂದು ಚೂರು ಹೆಚ್ಚು ಹುರಿದರೂ ಇಡೀ ಪಾತ್ರೆಗೆ ಕಹಿ ಹಿಡಿಯುತ್ತದೆ, ಆಮೇಲೆ ಬೆಲ್ಲ ಹಾಕಿ ಸರಿಮಾಡಲು ಬರುವುದಿಲ್ಲ. ಕೊನೆಗೆ ಎರಡು ಕಾಯಿಯ ತುರಿಯನ್ನು ನಸುಗೆಂಪಾಗುವ ತನಕ ಹುರಿದು, ಹುಣಸೆ ಹಣ್ಣಿನ ಜೊತೆ ಎಲ್ಲವನ್ನೂ ಬೆಣ್ಣೆಯ ಹಾಗೆ ಅರೆಯುವುದು.

ಅರೆದ ಮಸಾಲೆಯನ್ನು ಇಲ್ಲಿಯೇ ಎರಡು ಪಾಲು ಮಾಡಿ. ಮೊದಲ ಪಾಲು ಗುಜ್ಜೆ ಕಡಲೆಯದು. ಅದನ್ನು ತೆಗೆದು, ಪಾತ್ರೆಗೆ ಹಾಕಿ, ಮುಚ್ಚಳ ಮುಚ್ಚಿದ ಮೇಲೆಯೇ ಬೆಳ್ಳುಳ್ಳಿಯ ಸಿಪ್ಪೆ ಬಿಡಿಸಲು ಕೂರಿ. ಉಳಿದ ಪಾಲಿಗೆ ಹುರಿದ ಈರುಳ್ಳಿ, ಒಂದು ಗಡ್ಡೆ ಬೆಳ್ಳುಳ್ಳಿ ಸೇರಿಸಿ ಮತ್ತೊಮ್ಮೆ ಅರೆದರೆ ಅದು ಕೋಳಿಯದಾಯಿತು. ಮಿಕ್ಸಿಯ ಜಾರು ಒಂದೇ ಇರುವ ಮನೆಯಲ್ಲಿ ಈ ಅನುಕ್ರಮ ತಪ್ಪಬಾರದು. ಅತ್ತೆಯವರಿಗೆ ಕೊಟ್ಟ ಮಾತು ಉಳಿಯುವುದು ಈ ಅನುಕ್ರಮದಲ್ಲಿ.

ಗುಜ್ಜೆ ಎಂದರೆ ಬೀಜ ಬಲಿಯದ ಎಳೆ ಹಲಸು. ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ಅದರ ಕಾಲ. ಕೈಗೂ ಕತ್ತಿಗೂ ಎಣ್ಣೆ ಸವರಿಕೊಂಡು ಹೆಚ್ಚಿದರೆ ಮೇಣ ಅಂಟುವುದಿಲ್ಲ. ಹೋಳುಗಳನ್ನು ಅರಿಶಿನದ ನೀರಿಗೆ ಹಾಕಿದರೆ ಕಪ್ಪಾಗುವುದಿಲ್ಲ. ಮಜ್ಜಿಗೆ ನೀರಿಗೆ ಹಾಕುವ ರೂಢಿಯೂ ಇದೆ, ವೀಗನ್ ಇರುವ ದಿನ ಅದು ಬೇಡ. ಬೆಂದ ಗುಜ್ಜೆಯನ್ನು ಬಾಯಿಗಿಟ್ಟಾಗ ಎಳೆ ಎಳೆಯಾಗಿ ಬಿಡುವ ಆ ಹದವನ್ನು ಮಾಂಸಕ್ಕೆ ಹೋಲಿಸುವುದು ಈಗ ಫ್ಯಾಷನ್ ಆಗಿದೆ, ಹೊರದೇಶಗಳಲ್ಲಿ ಡಬ್ಬಿಯಲ್ಲಿ ಮಾರುತ್ತಾರೆ. ನನಗೆ ಆ ಹೋಲಿಕೆ ಹಿಡಿಸುವುದಿಲ್ಲ. ಗುಜ್ಜೆಗೆ ತನ್ನದೇ ಒಂದು ಮಂದ ಸಿಹಿ, ಮಸಾಲೆಯನ್ನು ಒಳಗೆ ಎಳೆದುಕೊಂಡು ನಿಧಾನವಾಗಿ ಬಿಟ್ಟುಕೊಡುವ ಗುಣ ಇದೆ. ಇನ್ನೊಂದರ ಬದಲಿಗೆ ಬಂದ ತರಕಾರಿ ಅದಲ್ಲ. ಹಿಂದಿನ ರಾತ್ರಿ ನೆನೆಸಿ ಬೇಯಿಸಿದ ಕಪ್ಪು ಕಡಲೆ ಅದರ ಜೊತೆ ಸೇರಿದರೆ ಹಲ್ಲಿಗೂ ಕೆಲಸ ಸಿಗುತ್ತದೆ. ಒಗ್ಗರಣೆಗೆ ತೆಂಗಿನೆಣ್ಣೆ, ಸಾಸಿವೆ, ಕೈತುಂಬ ಕರಿಬೇವು, ಅಷ್ಟು ಸಾಕು. ಗುಜ್ಜೆ ಸಿಗದ ದಿನಗಳಲ್ಲಿ ತೊಂಡೆಕಾಯಿ. ಕಡಲೆ ಮನೋಳಿ ಎಂದು ತುಳುವರು ಕರೆಯುವ ಆ ಜೋಡಿ ಏನೂ ಕಡಿಮೆಯದಲ್ಲ.

ಕೋಳಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹಲಾಲ್ ಅಂಗಡಿಯಿಂದ ತಂದರೆ ಇಬ್ಬರು ಗೆಳೆಯರೂ ಒಂದೇ ಪಾತ್ರೆಯಿಂದ ಉಣ್ಣುತ್ತಾರೆ. ಎಲುಬಿನ ಸಮೇತ ತುಂಡು ಮಾಡಿಸಿ, ಎರಡನೇ ಕಾಯಿಹಾಲಿನಲ್ಲಿ ಬೇಯಿಸಿ, ಮಸಾಲೆ ಹಾಕಿ ಕುದಿಸಿ, ಕೊನೆಗೆ ಮೊದಲ ಹಾಲು ಹೊಯ್ದು ಇಳಿಸುವುದು. ಬಂಟರ ಮನೆಗಳಲ್ಲಿ ತುಪ್ಪದ ಒಗ್ಗರಣೆ ಕೊಡುತ್ತಾರೆ, ಅದರ ಪರಿಮಳವೇ ಬೇರೆ. ಈ ಪಾತ್ರೆಗೆ ವೀಗನ್ ಹುಡುಗಿ ಬರುವುದಿಲ್ಲವಾದ್ದರಿಂದ ಧಾರಾಳವಾಗಿ ಕೊಡಿ. ಮಧ್ಯಾಹ್ನವೇ ಮಾಡಿಟ್ಟರೆ ಸಂಜೆಗೆ ಹುಳಿ, ಖಾರ, ಕಾಯಿ ಎಲ್ಲ ಒಂದಕ್ಕೊಂದು ಹೊಂದಿಕೊಂಡಿರುತ್ತವೆ. ಹಿಂದಿನ ದಿನದ ಮೀನು ಸಾರಿಗೆ ಕರಾವಳಿಯವರು ಯಾಕೆ ಜಗಳವಾಡುತ್ತಾರೆ ಎಂಬುದು ತಿಂದವರಿಗೆ ಗೊತ್ತು.

ಮಾಂಸದ ಅಡುಗೆ, ಸಸ್ಯದ ಅಡುಗೆ ಅಕ್ಕಪಕ್ಕ ಕೂರುವುದು ಈ ನೆಲಕ್ಕೆ ಹೊಸದೇನಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 1130ರ ಸುಮಾರಿಗೆ ಸಂಸ್ಕೃತದಲ್ಲಿ ಬರೆದ ‘ಮಾನಸೋಲ್ಲಾಸ’ದಲ್ಲಿ ಅನ್ನಭೋಗ ಎಂಬ ಭಾಗವಿದೆ. ಉದ್ದಿನಿಂದ ಮಾಡುವ ಇಡ್ಲಿಯ ಪೂರ್ವಜ, ವಡೆ, ದೋಸೆಗಳ ಜೊತೆಯಲ್ಲೇ ಮೀನು, ಮಾಂಸದ ಅಡುಗೆಗಳನ್ನೂ ಅಷ್ಟೇ ಅಕ್ಕರೆಯಿಂದ ಅಲ್ಲಿ ವಿವರಿಸಲಾಗಿದೆ. ಹದಿನಾರನೇ ಶತಮಾನದ ಆರಂಭದಲ್ಲಿ ಮೂರನೇ ಮಂಗರಸ ಕನ್ನಡದಲ್ಲಿ ಷಟ್ಪದಿಯಲ್ಲೇ ‘ಸೂಪಶಾಸ್ತ್ರ’ ಬರೆದ. ಅವನು ಜೈನ, ಅವನ ಪುಸ್ತಕದಲ್ಲಿ ಮಾಂಸವಿಲ್ಲ, ಬದನೆಕಾಯಿಯೊಂದರಲ್ಲೇ ಬಗೆಬಗೆಯ ಅಡುಗೆಗಳಿವೆ. ಒಬ್ಬ ದೊರೆಯ ಭೋಜನಶಾಲೆ, ಒಬ್ಬ ಜೈನ ಕವಿಯ ಅಡುಗೆಮನೆ. ಎರಡರಲ್ಲೂ ಉಣ್ಣುವ ಖುಷಿ ಒಂದೇ ತೂಕದ್ದು. ಕಟ್ಟುಪಾಡು ಇರುವ ಅಡುಗೆ ಸಪ್ಪೆ ಎಂದುಕೊಂಡವರು ಮಂಗರಸನನ್ನು ಒಮ್ಮೆ ಓದಬೇಕು.

ಸಪ್ಪೆ ಎಂಬ ಮಾತಿಗೆ ಉಡುಪಿಯಲ್ಲಿ ಇನ್ನೂ ಬಲವಾದ ಉತ್ತರವಿದೆ. ಮಾಧ್ವ ಮಠಗಳಲ್ಲಿ, ಅನೇಕ ಮನೆಗಳಲ್ಲಿ ಇಂದಿಗೂ ಚಾತುರ್ಮಾಸ್ಯ ನಡೆಯುತ್ತದೆ. ಮೊದಲ ತಿಂಗಳು ಶಾಕವ್ರತ, ತರಕಾರಿ ಸೊಪ್ಪು ಇಲ್ಲ. ಎರಡನೆಯದು ದಧಿವ್ರತ, ಮೊಸರಿಲ್ಲ. ಮೂರನೆಯದು ಕ್ಷೀರವ್ರತ, ಹಾಲಿಲ್ಲ. ನಾಲ್ಕನೆಯದು ದ್ವಿದಳವ್ರತ, ಬೇಳೆಕಾಳು ಇಲ್ಲ. ಒಂದೊಂದು ತಿಂಗಳು ಒಂದೊಂದನ್ನು ಕೈಯಿಂದ ಕಸಿದುಕೊಂಡರೂ ಅಲ್ಲಿನ ಅಡುಗೆಯವರು ಎಲೆಯನ್ನು ಖಾಲಿ ಬಿಡಲಿಲ್ಲ. ಹಾಲಿಲ್ಲದ ತಿಂಗಳಲ್ಲಿ ಕಾಯಿಹಾಲಿನ ಪಾಯಸ ಕುದಿಯಿತು. ಬೇಳೆಯಿಲ್ಲದ ತಿಂಗಳಲ್ಲಿ ಕಾಯಿ, ಜೀರಿಗೆ, ಕಾಳುಮೆಣಸು ಮುಂದೆ ಬಂದವು. ಆ ಜಾಣ್ಮೆಯನ್ನು ನಾವು ಒಂದು ಸಂಜೆಗೆ ಎರವಲು ತಂದುಕೊಂಡರೆ ಸಾಕು.

ಹಾಗೆ ತಂದ ಎರವಲು, ಸಾಸಿವೆ ಎಂಬ ಅಡುಗೆ. ಅನಾನಸ್ ಹಣ್ಣನ್ನು ಸಣ್ಣಗೆ ಹೆಚ್ಚಿ ಉಪ್ಪು, ಬೆಲ್ಲ ಬೆರೆಸಿಡಿ. ಅರ್ಧ ಹೋಳು ಹಸಿ ಕಾಯಿತುರಿ, ಎರಡು ಒಣಮೆಣಸು, ಒಂದು ಸಣ್ಣ ಚಮಚ ಸಾಸಿವೆ ಕಾಳನ್ನು ಅರೆದು ಅದರ ಮೇಲೆ ಸುರಿದರೆ ಮುಗಿಯಿತು. ಕುದಿಸುವುದಿಲ್ಲ, ಒಲೆಯೇ ಬೇಡ. ಕಾಯಿ ನುಣ್ಣಗಾದ ಮೇಲೆ ಕೊನೆಯಲ್ಲಿ ಸಾಸಿವೆ ಹಾಕಿ ಒಂದೆರಡು ಸುತ್ತು ತಿರುಗಿಸಿ ನಿಲ್ಲಿಸಬೇಕು. ಹೆಚ್ಚು ಅರೆದರೆ ಕಹಿ. ಬೆಳಗ್ಗೆಯೇ ಮಾಡಿಟ್ಟರೂ ಕಹಿ. ಪುಂಡಿಯನ್ನು ಹಬೆಗೆ ಇಟ್ಟ ಮೇಲೆ ಇದನ್ನು ಮಾಡಿ. ಮೊದಲು ಸಿಹಿ ತಟ್ಟಿ, ಆಮೇಲೆ ಹುಳಿ ಬಂದು, ಎಲ್ಲ ಮುಗಿಯಿತು ಎನ್ನುವಾಗ ಸಾಸಿವೆಯ ಘಾಟು ಮೂಗಿಗೆ ಏರುತ್ತದೆ. ಕಾಡುಮಾವಿನ ಹಣ್ಣು ಸಿಗುವ ಕಾಲದಲ್ಲಿ ಅನಾನಸ್ ಮರೆತುಬಿಡಿ. ಹಣ್ಣನ್ನು ಹಿಚುಕಿ ಓಟೆಯ ಸಮೇತ ಹಾಕಿ, ಎಲೆಯ ಮೇಲೆ ಒಬ್ಬೊಬ್ಬರಿಗೆ ಒಂದೊಂದು ಓಟೆ ಬರಲಿ. ಅದನ್ನು ಚೀಪುವಾಗ ಎಂಥ ಗಂಭೀರ ಮನುಷ್ಯರೂ ಮಾತು ನಿಲ್ಲಿಸುತ್ತಾರೆ.

ಪಕ್ಕಕ್ಕೆ ಹೆಸರುಬೇಳೆ ಕೋಸಂಬರಿ, ಉದ್ದ ಅಲಸಂಡೆಯ ಪಲ್ಯ. ಅನ್ನ, ತಿಳಿಸಾರು, ಮಜ್ಜಿಗೆ ಇದ್ದೇ ಇರಲಿ, ಅವುಗಳ ವಿಷಯ ಯಾರಿಗೂ ಹೇಳಿಕೊಡಬೇಕಿಲ್ಲ. ಸಕ್ಕರೆ ಕಾಯಿಲೆಯವರಿಗೆಂದು ನಾನು ಬೇರೆ ಅಡುಗೆ ಮಾಡುವುದಿಲ್ಲ. ಕಡಲೆ, ಕೋಸಂಬರಿ, ಅಲಸಂಡೆ ಎಲೆಯ ಮೇಲೆ ಧಾರಾಳವಾಗಿದ್ದರೆ ಪುಂಡಿ ಎಷ್ಟು ಹಾಕಿಸಿಕೊಳ್ಳಬೇಕು ಎಂಬುದು ಅವರಿಗೇ ಗೊತ್ತಿರುತ್ತದೆ. ‘ನಿಮಗೆ ಶುಗರ್ ಅಲ್ವಾ?’ ಎಂದು ಹತ್ತು ಜನರ ಎದುರು ಕೇಳುವುದು ಉಪಚಾರವಲ್ಲ.

ಒಂದು ಸಂಗತಿಯನ್ನು ಮಾತ್ರ ಒತ್ತಿ ಹೇಳಬೇಕು. ಅದು ಇಂಗು. ಸಾರಿಗೆ, ಕೋಸಂಬರಿಯ ಒಗ್ಗರಣೆಗೆ ನಾವು ಕಣ್ಣು ಮುಚ್ಚಿ ಹಾಕುವ ಇಂಗು ಶುದ್ಧ ಇಂಗಲ್ಲ; ಅಂಗಡಿಯಲ್ಲಿ ಸಿಗುವ ಹೆಚ್ಚಿನ ಡಬ್ಬಿಗಳಲ್ಲಿ ಗೋಂದು ಮತ್ತು ಹಿಟ್ಟಿನ ಪಾಲೇ ದೊಡ್ಡದು, ಆ ಹಿಟ್ಟು ಬಹಳ ಸಲ ಗೋಧಿಯದ್ದು. ಅಕ್ಕಿ, ಕಾಯಿ, ಕಾಳುಗಳನ್ನು ಅಷ್ಟು ಎಚ್ಚರದಿಂದ ಆರಿಸಿ, ಕೊನೆಯ ಒಂದು ಚಿಟಿಕೆಯಲ್ಲಿ ಗೋಧಿಯನ್ನು ಒಳಗೆ ಬಿಟ್ಟುಕೊಂಡರೆ ಸೀಲಿಯಾಕ್ ಇರುವವರಿಗೆ ಅದು ನಿಜವಾಗಿಯೂ ಕಾಯಿಲೆ. ಅಕ್ಕಿಹಿಟ್ಟು ಬೆರೆಸಿದ ಇಂಗು ಸಿಗುತ್ತದೆ. ಸಿಗದಿದ್ದರೆ ಅವತ್ತು ಇಂಗು ಬಿಡಿ, ಕರಿಬೇವು ಇನ್ನೊಂದು ಎಸಳು ಹೆಚ್ಚು ಹಾಕಿ. ಜೈನರ ವಿಷಯದಲ್ಲೂ ಇಂಥ ಒಂದು ಸೂಕ್ಷ್ಮವಿದೆ. ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆ, ಕ್ಯಾರೆಟ್ ಬಿಡುವುದನ್ನು ನಾವು ನೆನಪಿಡುತ್ತೇವೆ, ಹಸಿಶುಂಠಿಯನ್ನು ಮರೆಯುತ್ತೇವೆ. ಒಣಶುಂಠಿ ಅನೇಕರಿಗೆ ಆಗುತ್ತದೆ. ಕೇಳಿದರೆ ಅವರೇ ಸಂತೋಷದಿಂದ ಹೇಳುತ್ತಾರೆ. ಸೂರ್ಯ ಮುಳುಗಿದ ಮೇಲೆ ಉಣ್ಣದ ನೇಮ ಇದೆಯೇ ಎಂದೂ ಅದೇ ಫೋನಿನಲ್ಲಿ ಕೇಳಿಬಿಡಿ. ಇದ್ದರೆ ಊಟವನ್ನು ಮಧ್ಯಾಹ್ನಕ್ಕೆ ತನ್ನಿ, ಅವರೊಬ್ಬರನ್ನು ಐದು ಗಂಟೆಗೆ ಒಂಟಿಯಾಗಿ ಉಣ್ಣಿಸುವುದು ಬೇಡ.

ಬಂದವರ ಕೈಗೆ ಮೊದಲು ಕೊಡಬೇಕಾದದ್ದು ಪುನರ್ಪುಳಿ. ಮಲೆನಾಡಿನವರಿಗೆ ಇದು ಮುರುಗಲು. ಒಣಗಿದ ಸಿಪ್ಪೆಯನ್ನು ಬೆಳಗ್ಗೆ ನೀರಿಗೆ ಹಾಕಿದರೆ ಮಧ್ಯಾಹ್ನದ ಹೊತ್ತಿಗೆ ನೀರು ಕಡುಗೆಂಪಾಗಿ, ಪಾತ್ರೆಯ ತಳ ಕಾಣದಂತಾಗಿರುತ್ತದೆ. ಕಿವುಚಿ, ಸೋಸಿ, ಬೆಲ್ಲವೋ ಸಕ್ಕರೆಯೋ ಬೆರೆಸಿ, ಒಂದು ಚಿಟಿಕೆ ಉಪ್ಪು, ಹುರಿದ ಜೀರಿಗೆ ಪುಡಿ ಉದುರಿಸಿ ತಣ್ಣಗೆ ಮಾಡಿಡಿ. ಸ್ವಲ್ಪ ಸಿಹಿಯಿಲ್ಲದೆ ತೆಗೆದಿಟ್ಟರೆ ಮಾವನವರಿಗೂ ಆಯಿತು. ಗಾಜಿನ ಲೋಟದಲ್ಲಿ ಕೊಡಿ. ಕಿಟಕಿಯ ಬೆಳಕಿಗೆ ಹಿಡಿದರೆ ಮಾಣಿಕ್ಯದ ಬಣ್ಣ. ಬಣ್ಣ ಸೇರಿಸಿದ್ದೀರಾ ಎಂದು ಕೇಳುವವರು ಇದ್ದೇ ಇರುತ್ತಾರೆ. ಹೊಟ್ಟೆಗೆ ತಂಪು, ಹಸಿವನ್ನು ಎಬ್ಬಿಸುತ್ತದೆ, ಹನ್ನೆರಡು ಜನರಲ್ಲಿ ಯಾರ ನೇಮಕ್ಕೂ ಅಡ್ಡ ಬರುವುದಿಲ್ಲ. ಹೊಸಬರೊಡನೆ ಮಾತು ಶುರುವಾಗಲು ಇಷ್ಟು ಸಾಕು.

ಸಿಹಿಗೆ ಹೆಸರುಬೇಳೆ ಪಾಯಸ. ಹಾಲಿನ ಪಾಯಸಕ್ಕೆ ಬದಲಿಯಾಗಿ ನಾನು ಇದನ್ನು ಹೇಳುತ್ತಿಲ್ಲ, ಕರಾವಳಿಯ ಹಬ್ಬದೂಟದಲ್ಲಿ ಇದಕ್ಕೆ ಮೊದಲಿಂದಲೂ ತನ್ನದೇ ಸ್ಥಾನವಿದೆ. ಹೆಸರುಬೇಳೆಯನ್ನು ಪರಿಮಳ ಬರುವ ತನಕ ಬರಿದೇ ಹುರಿದು, ಮೂರನೇ ಕಾಯಿಹಾಲಿನಲ್ಲಿ ಬೇಯಿಸುವುದು. ಬೆಲ್ಲವನ್ನು ಹಿಂದಿನ ದಿನವೇ ಕರಗಿಸಿ ಸೋಸಿಟ್ಟರೆ ಮರಳು ಕಲ್ಲಿನ ಭಯವಿಲ್ಲ. ಬೇಳೆ ಪೂರ್ತಿ ಬೆಂದ ಮೇಲೆಯೇ ಬೆಲ್ಲ. ಮೊದಲೇ ಹಾಕಿದರೆ ಬೇಳೆ ಮತ್ತೆ ಮೆತ್ತಗಾಗಲು ಒಪ್ಪುವುದಿಲ್ಲ. ಆಮೇಲೆ ಎರಡನೇ ಹಾಲು ಹೊಯ್ದು ಒಂದು ಕುದಿ ಬರಿಸಿ, ಉರಿ ಆರಿಸಿ, ಕೊನೆಗೆ ದಪ್ಪನೆಯ ಮೊದಲ ಹಾಲು. ಅದು ಬಿದ್ದ ಮೇಲೆ ಕುದಿಸಬಾರದು, ಒಡೆಯುತ್ತದೆ. ಆ ಬಿಳಿ ಹಾಲು ಕಂದು ಪಾಯಸದ ಮೇಲೆ ಮೊದಲು ಮೋಡದಂತೆ ನಿಂತು, ಸೌಟು ಆಡಿಸುತ್ತಿದ್ದ ಹಾಗೆ ಸುರುಳಿ ಸುರುಳಿಯಾಗಿ ಒಳಗಿಳಿಯುತ್ತದೆ. ಏಲಕ್ಕಿಯನ್ನು ಸಿಪ್ಪೆ ಬಿಡಿಸಿ ಆಗಲೇ ಕುಟ್ಟಿ ಹಾಕಿ. ತುಪ್ಪದಲ್ಲಿ ಹುರಿದ ಗೋಡಂಬಿಯ ಜಾಗಕ್ಕೆ ತೆಂಗಿನೆಣ್ಣೆಯಲ್ಲಿ ಕೆಂಪಗೆ ಹುರಿದ ಕೊಬ್ಬರಿ ಚೂರುಗಳು ಬಂದರೆ ವೀಗನ್ ಹುಡುಗಿಯೂ ಗೋಡಂಬಿ ಒಗ್ಗದ ಮಗುವೂ ಒಂದೇ ಪಾತ್ರೆಗೆ ಬಟ್ಟಲು ಹಿಡಿಯುತ್ತಾರೆ. ತುಪ್ಪ ಬೇಕೆಂದವರಿಗೆ ಗಿಂಡಿಯಲ್ಲಿ ಪಕ್ಕಕ್ಕಿಡಿ.

ಕೆಲಸದ ಹಂಚಿಕೆ ಕಷ್ಟವಲ್ಲ. ಕಡಲೆ ನೆನೆಸುವುದು, ಮಸಾಲೆ ಹುರಿಯುವುದು, ಬೆಲ್ಲ ಸೋಸುವುದು ಹಿಂದಿನ ರಾತ್ರಿಗೆ. ಐದಾರು ಕಾಯಿ ತುರಿಯುವುದು ಬೆಳಗ್ಗೆಗೆ. ಇದೊಂದೇ ಕೈನೋವಿನ ಕೆಲಸ, ಮನೆಯವರೆಲ್ಲ ಹಂಚಿಕೊಳ್ಳಿ. ಎರಡು ಗಸಿ, ಪಾಯಸ ಮಧ್ಯಾಹ್ನಕ್ಕೆ ಮುಗಿಯಬೇಕು. ಸಂಜೆಗೆ ಉಳಿಯುವುದು ಪುಂಡಿಯ ಹಬೆ ಮತ್ತು ಸಾಸಿವೆ.

ಬಡಿಸುವಾಗ ಕೋಳಿಯ ಪಾತ್ರೆಯನ್ನು ಬೇರೆ ಸಣ್ಣ ಮೇಜಿನ ಮೇಲೆ, ಅದರದೇ ಸೌಟಿನ ಜೊತೆ ಇಡಿ. ಉಳಿದದ್ದೆಲ್ಲ ದೊಡ್ಡ ಮೇಜಿಗೆ. ದೊಡ್ಡ ಮೇಜಿನಲ್ಲಿರುವುದನ್ನು ಮಜ್ಜಿಗೆ ಮತ್ತು ತುಪ್ಪದ ಗಿಂಡಿ ಬಿಟ್ಟು ಹನ್ನೆರಡು ಜನರಲ್ಲಿ ಯಾರು ಬೇಕಾದರೂ ಕೇಳದೆ ಬಡಿಸಿಕೊಳ್ಳಬಹುದು. ಈ ಒಂದು ಮಾತನ್ನು ಕೂರುವ ಮೊದಲು ಎಲ್ಲರಿಗೂ ಕೇಳುವಂತೆ ಹೇಳಿಬಿಟ್ಟರೆ ಯಾರೂ ಪಾತ್ರೆ ಪಾತ್ರೆಯ ಮುಂದೆ ನಿಂತು ವಿಚಾರಿಸಬೇಕಾಗಿಲ್ಲ. ಪ್ರತಿ ಸಲವೂ ‘ಇದರಲ್ಲಿ ಅದು ಇದೆಯಾ’ ಎಂದು ಕೇಳಬೇಕಾದವರ ದಣಿವು ಕೇಳದೆ ಉಣ್ಣುವ ನಮಗೆ ಅರ್ಥವಾಗುವುದು ಕಷ್ಟ. ಬಾಳೆ ಎಲೆಯ ಮೇಲೆ ಬಿಳಿ ಪುಂಡಿ, ಅದರ ಗುಳಿಯಲ್ಲಿ ಕೆಂಪು ಗಸಿ, ಹಸಿರು ಅಲಸಂಡೆ, ಹಳದಿ ಸಾಸಿವೆ ಸೇರಿದರೆ ಅಲಂಕಾರಕ್ಕೆ ಬೇರೆ ಏನೂ ಬೇಡ. ಬಿಸಿ ತಾಗಿದ ಎಲೆಯಿಂದ ಏಳುವ ಆ ಹಸಿರು ವಾಸನೆ ಯಾವ ಪಿಂಗಾಣಿ ತಟ್ಟೆಯಿಂದಲೂ ಬರುವುದಿಲ್ಲ.

ಈ ಸಲ ಊಟಕ್ಕೆ ಕರೆಯುವಾಗ ‘ಏನು ತಿನ್ನುತ್ತೀರಿ?’ ಎಂಬುದರ ಜೊತೆಗೆ ‘ಏನು ತಿನ್ನುವುದಿಲ್ಲ?’ ಎಂದೂ ಕೇಳಿ, ಬರೆದಿಟ್ಟುಕೊಳ್ಳಿ. ಆ ಚೀಟಿ ನೋಡಿಕೊಂಡು ನಡುವಿನ ತಿನಿಸನ್ನು ಆರಿಸಿ. ಮತ್ತೆ ಅಂಗಡಿಗೆ ಹೋದಾಗ ಇಂಗಿನ ಡಬ್ಬಿಯ ಹಿಂಬದಿಯನ್ನು ದಯವಿಟ್ಟು ಓದಿ.